ಆಟೋ ರಿಪ್ಲೈ ಇಟ್ಟು ಯಾರಿಗೂ ಗೊತ್ತಾಗದಂತೆ ಆಫೀಸಿನಿಂದ ಜಾರಿಕೊಳ್ಳಬಹುದಾ?

ಶುಕ್ರವಾರ ಮಧ್ಯಾಹ್ನ 3ಕ್ಕೆ ಹೊರಟುಬಿಡಬೇಕು, ರಜೆ ಹಾಕಲು ಮನಸ್ಸಿಲ್ಲ. ಔಟ್‌ಲುಕ್‌ನಲ್ಲಿ ‘ಮೀಟಿಂಗ್‌ನಲ್ಲಿದ್ದೇನೆ, ಆಮೇಲೆ ಉತ್ತರಿಸುತ್ತೇನೆ’ ಅಂತ ಆಟೋ ರಿಪ್ಲೈ ಇಟ್ಟರೆ ಯಾರಿಗೂ ಗೊತ್ತಾಗಲ್ಲ ತಾನೆ ಅಂತ ಕೇಳಿದ್ದೀರಿ. ಗೊತ್ತಾಗುತ್ತೆ. ಸುಮ್ಮನೆ ಎದ್ದು ಹೋಗಿದ್ದರೆ ಒಂದಿಬ್ಬರಿಗೆ ಅನುಮಾನ ಬರುತ್ತಿತ್ತೋ ಏನೋ. ಆಟೋ ರಿಪ್ಲೈ ಇಟ್ಟು ಹೋದರೆ ಇಡೀ ಟೀಮಿಗೆ ಡಂಗುರ ಸಾರಿದ ಹಾಗೆ.

ಕಾರಣ ಇಷ್ಟೇ: ಔಟ್‌ಲುಕ್‌ನ ಆಟೋಮ್ಯಾಟಿಕ್ ರಿಪ್ಲೈ ಬರೀ ಮೇಲ್‌ಬಾಕ್ಸ್ ಒಳಗೆ ಇರುವ ವಿಷಯ ಅಲ್ಲ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಅದು ಆಫೀಸಿನ ಚಾಟ್ ಆ್ಯಪ್ ಆದ ಮೈಕ್ರೋಸಾಫ್ಟ್ ಟೀಮ್ಸ್‌ಗೂ ಹೋಗುತ್ತೆ. ನೀವು ಸಿಸ್ಟಮ್ ಮುಟ್ಟದೇ ಇದ್ದಾಗ ಹೆಸರಿನ ಪಕ್ಕ ನೇರಳೆ ಬಣ್ಣದ ಬಾಣದ ಗುರುತು, ‘ಔಟ್ ಆಫ್ ಆಫೀಸ್’ ಅನ್ನುವ ಸ್ಟೇಟಸ್. ಚಾಟ್ ತೆರೆದವರಿಗೆ ನೀವು ಬರೆದಿಟ್ಟ ಸಾಲುಗಳೂ ಕಾಣುತ್ತವೆ. ಅಷ್ಟೇ ಅಲ್ಲ, ಅದೇ ಕಂಪನಿಯವರು ಯಾರಾದರೂ ‘ಟು’ ಜಾಗದಲ್ಲಿ ನಿಮ್ಮ ಹೆಸರು ಹಾಕಿದ ತಕ್ಷಣ, ಸೆಂಡ್ ಒತ್ತುವ ಮೊದಲೇ, ಮೇಲಿನ ಪಟ್ಟಿಯಲ್ಲಿ ನಿಮ್ಮ ಸಂದೇಶ ಬಂದು ಕೂರುತ್ತೆ. ಇದಕ್ಕೆ ಮೇಲ್‌ಟಿಪ್ ಅಂತಾರೆ. ಅಂದರೆ ನಿಮಗೆ ಒಂದೂ ಮೇಲ್ ಬರದಿದ್ದರೂ ನೀವಿಲ್ಲ ಅನ್ನುವುದು ಹತ್ತು ಜನಕ್ಕೆ ಗೊತ್ತಾಗಿರಬಹುದು.

ಇನ್ನು ಉತ್ತರ ಕೈಯಲ್ಲಿ ಟೈಪ್ ಮಾಡಿದ ಹಾಗೆ ಕಾಣಲಿ ಅನ್ನುವ ಆಸೆ ಬಿಡಿ. ಸಬ್ಜೆಕ್ಟ್ ಮುಂದೆ ‘ಆಟೋಮ್ಯಾಟಿಕ್ ರಿಪ್ಲೈ’ ಅಂತ ಎಕ್ಸ್‌ಚೇಂಜ್ (ಔಟ್‌ಲುಕ್ ಹಿಂದಿರುವ ಮೇಲ್ ಸರ್ವರ್) ತಾನೇ ಸೇರಿಸುತ್ತೆ, ಉತ್ತರ ಕೆಲವೇ ಸೆಕೆಂಡಿಗೆ ಹೋಗುತ್ತೆ. ‘ಮೀಟಿಂಗ್‌ನಲ್ಲಿದ್ದೇನೆ’ ಅನ್ನುವುದಂತೂ ಹಾಕಲೇಬಾರದ ಸಾಲು. ಮೀಟಿಂಗ್ ಇಡಲು ಯಾರಾದರೂ, ಎಲ್ಲರ ಬಿಡುವು ತೋರಿಸುವ ಶೆಡ್ಯೂಲಿಂಗ್ ಅಸಿಸ್ಟೆಂಟ್ ತೆರೆದರೆ 3ರಿಂದ 6ರವರೆಗೆ ನಿಮ್ಮ ಕ್ಯಾಲೆಂಡರ್ ಖಾಲಿ ಅಂತ ಬೆಳ್ಳಗೆ ಕಾಣುತ್ತೆ.

ಆಟೋಮ್ಯಾಟಿಕ್ ರಿಪ್ಲೈ ಬೇಡ, ರೂಲ್ (ಇಂಥ ಮೇಲ್ ಬಂದರೆ ಹೀಗೆ ಮಾಡು ಅನ್ನುವ ಸೂಚನೆ) ಬರೆದು ಮ್ಯಾನೇಜರ್ ಮೇಲ್‌ಗೆ ಮಾತ್ರ ಉತ್ತರ ಹೋಗುವ ಹಾಗೆ ಮಾಡಿ ಅಂತ ಕೆಲವರು ಹೇಳುತ್ತಾರೆ. ಹಳೆಯ ಔಟ್‌ಲುಕ್‌ನಲ್ಲಿ ಟೆಂಪ್ಲೇಟ್ ಬಳಸಿ ಉತ್ತರಿಸುವ ರೂಲ್ ಇದೆ, ನಿಜ. ಆದರೆ ಅದು ನಡೆಯುವುದು ನಿಮ್ಮ ಕಂಪ್ಯೂಟರಿನಲ್ಲಿ, ಸರ್ವರ್‌ನಲ್ಲಲ್ಲ. ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದ ಕ್ಷಣ ರೂಲ್ ಕೂಡ ಮಲಗುತ್ತೆ. ಸಂಜೆ ಮತ್ತೆ ತೆರೆದಾಗ ಮೂರೂವರೆಯ ಮೇಲ್‌ಗೆ ಎಂಟು ಗಂಟೆಗೆ ‘ಈಗ ಮೀಟಿಂಗ್‌ನಲ್ಲಿದ್ದೇನೆ’ ಅಂತ ಉತ್ತರ ಹೋಗುತ್ತೆ. ತೆರೆದೇ ಇಟ್ಟು ಹೋದರೂ, ಔಟ್‌ಲುಕ್ ಒಮ್ಮೆ ಶುರುವಾದ ಮೇಲೆ ಮುಚ್ಚುವವರೆಗೆ ಒಬ್ಬರಿಗೆ ಒಂದೇ ಸಲ ಆ ಉತ್ತರ. ಮ್ಯಾನೇಜರ್ ಎರಡನೇ ಮೇಲ್ ಕಳಿಸಿದರೆ ಮೌನ.

ಜಿಮೇಲ್ ಬಳಸುವ ಕಂಪನಿಯಾದರೆ ತೊಂದರೆ ಬೇರೆ. ಅಲ್ಲಿನ ಆಟೋ ರಿಪ್ಲೈ ಆದ ವೆಕೇಶನ್ ರೆಸ್ಪಾಂಡರ್‌ನಲ್ಲಿ ದಿನಾಂಕ ಮಾತ್ರ ಇದೆ, ಗಂಟೆ ಇಲ್ಲ. ಶುರುವಿನ ದಿನ ರಾತ್ರಿ 12ಕ್ಕೆ ಹತ್ತಿ, ಕೊನೆಯ ದಿನ ರಾತ್ರಿ 11:59ಕ್ಕೆ ಆರುತ್ತೆ. ಶುಕ್ರವಾರದ ದಿನಾಂಕ ಮೊದಲೇ ಕೊಟ್ಟಿಟ್ಟರೆ ಬೆಳಗ್ಗೆ 10ಕ್ಕೆ ಎದುರು ಕೂತವರಿಗೂ ‘ನಾನಿಲ್ಲ’ ಅಂತ ಹೋಗುತ್ತೆ. ಮಧ್ಯಾಹ್ನ ಕೈಯಾರೆ ಆನ್ ಮಾಡಿ, ಕೊನೆಯ ದಿನ ತುಂಬುವುದನ್ನು ಮರೆತರೆ ಸೋಮವಾರವೂ ಹೋಗುತ್ತಲೇ ಇರುತ್ತೆ. ಒಬ್ಬರಿಗೆ ಒಮ್ಮೆ ಹೋದ ಉತ್ತರ ಮತ್ತೆ ಹೋಗುವುದು ನಾಲ್ಕು ದಿನದ ನಂತರ. ಆದರೆ ನಡುವೆ ಸಂದೇಶದ ಒಂದು ಪದ ತಿದ್ದಿದರೂ ಲೆಕ್ಕ ಹೊಸದಾಗಿ ಶುರು, ಮತ್ತೆ ಮೇಲ್ ಮಾಡಿದವರಿಗೆಲ್ಲ ಇನ್ನೊಮ್ಮೆ ಹೋಗುತ್ತೆ. ಆನ್ ಮಾಡಿದ ಮೇಲೆ ತಿದ್ದಲು ಹೋಗಬೇಡಿ.

ಎರಡು ಮೂರು ಗಂಟೆಯ ಮಾತಾದರೆ ನನ್ನ ಸಲಹೆ: ಆಟೋ ರಿಪ್ಲೈ ಬೇಡವೇ ಬೇಡ. ಮೂರು ಗಂಟೆ ಉತ್ತರ ಬರದೇ ಇರುವುದು ಯಾವ ಆಫೀಸಿನಲ್ಲೂ ವಿಶೇಷ ಅಲ್ಲ. ಕ್ಯಾಲೆಂಡರಿನಲ್ಲಿ 3ರಿಂದ 6ಕ್ಕೆ ಒಂದು ಅಪಾಯಿಂಟ್‌ಮೆಂಟ್ ಹಾಕಿ, ‘ಶೋ ಆ್ಯಸ್’ ಜಾಗದಲ್ಲಿ ‘ಬ್ಯುಸಿ’ ಆರಿಸಿ. ಅಲ್ಲಿ ‘ಔಟ್ ಆಫ್ ಆಫೀಸ್’ ಆರಿಸಿದರೆ ಟೀಮ್ಸ್‌ನಲ್ಲಿ ಮತ್ತೆ ಅದೇ ನೇರಳೆ ಬಾಣ. ‘ಪ್ರೈವೇಟ್’ ಕೂಡ ಟಿಕ್ ಮಾಡಿ, ಆಗ ವಿವರ ಬೇರೆಯವರಿಗೆ ಕಾಣಲ್ಲ. ಮೇಲ್ ಆ್ಯಪ್‌ನಲ್ಲಿ ಮ್ಯಾನೇಜರ್ ಮತ್ತು ಒಬ್ಬ ಕ್ಲೈಂಟ್‌ಗೆ ಮಾತ್ರ ನೋಟಿಫಿಕೇಶನ್ ಬಿಟ್ಟು ಉಳಿದದ್ದು ಬಂದ್ ಮಾಡಿ. ಮತ್ತೆ ಮ್ಯಾನೇಜರ್‌ಗೆ ಒಂದು ಸಾಲು: ‘ಸರ್, ಇವತ್ತು 3ಕ್ಕೆ ಹೊರಡ್ತಿದೀನಿ, ಅರ್ಜೆಂಟ್ ಇದ್ರೆ ಫೋನ್ ಮಾಡಿ.’ ಉಳಿದ ಹತ್ತು ಜನಕ್ಕೆ ಗೊತ್ತಾಗಬೇಕಾಗಿಲ್ಲ, ಇವರೊಬ್ಬರಿಗೆ ಗೊತ್ತಿರಬೇಕು. ಇದನ್ನು ಬಿಟ್ಟು ಮೌಸ್ ಅಲ್ಲಾಡಿಸುವ ಯಂತ್ರದ ಕಡೆ ಹೋಗಬೇಡಿ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್, ಕೀಬೋರ್ಡ್ ಬಳಸುತ್ತಿರುವ ಹಾಗೆ ನಟಿಸಿದ್ದಕ್ಕೆ ಹನ್ನೆರಡಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು.

ಸಂಜೆ 5ಕ್ಕೆ ಸ್ಟೇಟಸ್ ರಿಪೋರ್ಟ್ ಹೋಗಲೇಬೇಕಾದರೆ ಶೆಡ್ಯೂಲ್ ಸೆಂಡ್‌ನಲ್ಲಿ ಇಡಿ, ತಪ್ಪೇನಿಲ್ಲ. ಎಕ್ಸ್‌ಚೇಂಜ್ ಅಲ್ಲದ, ಐಮ್ಯಾಪ್ ಅನ್ನುವ ಬಗೆಯ ಮೇಲ್ ಖಾತೆಯಲ್ಲಿ ಹಳೆಯ ಔಟ್‌ಲುಕ್ ಬಳಸುತ್ತಿದ್ದರೆ ಮಾತ್ರ ಪ್ರೋಗ್ರಾಂ ತೆರೆದಿರಬೇಕು, ಇಲ್ಲದಿದ್ದರೆ ಮೇಲ್ ಔಟ್‌ಬಾಕ್ಸ್‌ನಲ್ಲೇ ಕೊಳೆಯುತ್ತೆ.

ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಹೊರಗಿರುತ್ತೀರಿ ಅಂದರೆ ರಜೆ ಹಾಕಿ, ಆಟೋ ರಿಪ್ಲೈ ಧಾರಾಳವಾಗಿ ಇಡಿ. ಹೊಸ ಔಟ್‌ಲುಕ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಆಟೋಮ್ಯಾಟಿಕ್ ರಿಪ್ಲೈಸ್. ಅವಧಿ ಕೊಡುವ ಆಯ್ಕೆ ಟಿಕ್ ಮಾಡಿದರೆ ಗಂಟೆ ಸಮೇತ ಕೊಡಬಹುದು, ತಾನೇ ಆಫ್ ಆಗುತ್ತೆ. ಅದರ ಕೆಳಗೇ ಇರುವ, ಮೀಟಿಂಗ್‌ಗಳನ್ನು ಡಿಕ್ಲೈನ್ ಮಾಡಿ ಕ್ಯಾನ್ಸಲ್ ಮಾಡುವ ಆಯ್ಕೆ ಮುಟ್ಟಬೇಡಿ. ಆ ಅವಧಿಯಲ್ಲಿ ನೀವು ಕರೆದ ಪ್ರತಿ ಮೀಟಿಂಗ್‌ನ ಪ್ರತಿಯೊಬ್ಬರಿಗೂ ‘ಮೀಟಿಂಗ್ ರದ್ದು’ ಅಂತ ಮೇಲ್ ಹೋಗುತ್ತೆ. ಹೊರಗಿನವರಿಗೆ ಕಳಿಸುವುದಾದರೆ ಕಾಂಟ್ಯಾಕ್ಟ್ಸ್‌ಗೆ ಮಾತ್ರ ಸೀಮಿತ ಮಾಡಿ. ಇಲ್ಲದಿದ್ದರೆ ಸ್ಪ್ಯಾಮ್ ಕಳಿಸಿದವನಿಗೂ ವಿಳಾಸ ಜೀವಂತ ಇದೆ ಅಂತ ತಿಳಿಯುತ್ತೆ. ಜೊತೆಗೆ ಕೆಲವು ಸಪೋರ್ಟ್ ಟಿಕೆಟ್ (ದಾಖಲಾದ ದೂರು) ವ್ಯವಸ್ಥೆಗಳು ಮುಚ್ಚಿದ ಟಿಕೆಟನ್ನು ನಿಮ್ಮ ಆಟೋ ರಿಪ್ಲೈ ನೋಡಿ ಮತ್ತೆ ತೆರೆಯುತ್ತವೆ.

ಸಂದೇಶದಲ್ಲಿ ಕಾರಣ ಬರೆಯಬೇಡಿ. ಎಷ್ಟು ಹೊತ್ತಿಗೆ ಸಿಗುತ್ತೀರಿ, ಅಲ್ಲಿಯವರೆಗೆ ಯಾರು ನೋಡಿಕೊಳ್ಳುತ್ತಾರೆ, ಇವೆರಡೇ ಸಾಕು. ಕ್ಲೈಂಟ್ ಅಮೆರಿಕದವರಾದರೆ ಸಮಯದ ಪಕ್ಕ ಭಾರತೀಯ ಕಾಲಮಾನ ಅಂತ ಸೇರಿಸಿ. ‘ಸೋಮವಾರ ಬೆಳಗ್ಗೆ’ ಅಂತಷ್ಟೇ ಬರೆದರೆ ಅವರು ಕಾಯುವುದು ಅವರ ಸೋಮವಾರಕ್ಕೆ, ಆಗ ನಮ್ಮಲ್ಲಿ ಸಂಜೆ ಇಲ್ಲವೇ ರಾತ್ರಿ.