ಅಜ್ಜನ ಕಾಲದ ಯುಫೋನಿಯಂ ಕೀಬೋರ್ಡ್ ಜೊತೆ ಶ್ರುತಿಗೆ ಕೂರುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಅಜ್ಜ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಮೂರು ವಾಲ್ವಿನ (ಬೆರಳಲ್ಲಿ ಒತ್ತುವ ಗುಂಡಿ) ಯುಫೋನಿಯಂ, ಅಂದರೆ ಊದುವ ದೊಡ್ಡ ಹಿತ್ತಾಳೆ ವಾದ್ಯ, ಅಟ್ಟದ ಮೇಲೆ ಸಿಕ್ಕಿದೆ. ಬೆಲ್ ಮೇಲೆ, ಅಂದರೆ ಧ್ವನಿ ಹೊರಬರುವ ಅಗಲ ಬಾಯಿಯ ಮೇಲೆ, ‘ಬೂಸಿ ಅಂಡ್ ಕೋ, ಲಂಡನ್’ ಎಂದು ಕೆತ್ತಿದೆ. ಊದಿದರೆ ಧ್ವನಿ ಬರುತ್ತದೆ, ಆದರೆ ಚರ್ಚಿನ ಕೀಬೋರ್ಡಿಗಿಂತ ಶ್ರುತಿ ಮೇಲೇ ನಿಲ್ಲುತ್ತದೆ. ಪಾಲಿಶ್ ಮಾಡಿಸಿ, ಸ್ಲೈಡ್ (ಒಳಗೆ ಹೊರಗೆ ಜಾರಿಸಬಹುದಾದ ಬಾಗಿದ ಕೊಳವೆ) ಕತ್ತರಿಸಿ ಉದ್ದ ಮಾಡಿಸಿ, ದೊಡ್ಡ ಮೌತ್‌ಪೀಸ್ ಹಾಕಿಸಬಹುದಾ ಅಂತ ಕೇಳಿದ್ದೀರಿ.

ಉದ್ದ ಮಾಡಿಸಿ, ಕತ್ತರಿಸಬೇಡಿ. ಪಾಲಿಶ್ ಮಾತು ಸದ್ಯಕ್ಕೆ ಬೇಡವೇ ಬೇಡ.

ನನ್ನ ಹತ್ತಿರವೂ ಇಂಥದ್ದೇ ಒಂದಿದೆ. ಒಬ್ಬ ಮದುವೆ ಬ್ಯಾಂಡಿನವರು ಅಂಗಡಿ ಮುಚ್ಚುವಾಗ ಕೊಂಡದ್ದು. ಕೊಂಡ ವಾರವೇ ದೇವಸ್ಥಾನದ ಪಾತ್ರೆಗಳಿಗೆ ಪಾಲಿಶ್ ಹಾಕುವ ಅಂಗಡಿಗೆ ಕೊಟ್ಟೆ. ಸಂಜೆ ಹೋದರೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಬೆಲ್ ಮೇಲಿನ ಕೆತ್ತನೆ ಮಾತ್ರ ಅರ್ಧ ಮಾಯ. ಬಫಿಂಗ್ ಚಕ್ರ ಕೊಳೆಯ ಜೊತೆ ಲೋಹವನ್ನೂ ತಿನ್ನುತ್ತದೆ, ಈ ವಾದ್ಯಗಳ ಹಿತ್ತಾಳೆ ತಗಡು ಮೊದಲೇ ತೆಳು. ಅವರದೇನೂ ತಪ್ಪಿಲ್ಲ, ಬಿಂದಿಗೆ ತಿಕ್ಕಿದ ಹಾಗೆ ತಿಕ್ಕಿದ್ದಾರೆ. ಕೊಟ್ಟವನು ನಾನು. ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕುವುದೂ ಬೇಡ. ಹುಳಿ ತುಂಬ ಹೊತ್ತು ಕೂತರೆ ಮೇಲ್ಪದರದ ಸತು ಕರಗಿ ತಾಮ್ರದ ಗುಲಾಬಿ ಬಣ್ಣ ಉಳಿಯುತ್ತದೆ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ, ಇಷ್ಟು ಸಾಕು.

ಈಗ ಶ್ರುತಿಗೆ ಬರೋಣ. ನಿಮ್ಮ ವಾದ್ಯ ಕೆಟ್ಟಿಲ್ಲ. ಅದನ್ನು ಮಾಡಿದ್ದೇ ಬೇರೆ ಶ್ರುತಿಗೆ.

ಬೂಸಿ ಮತ್ತು ಹಾಕ್ಸ್ ಕಂಪನಿಗಳು 1930ರಲ್ಲಿ ಒಂದಾಗಿ ‘ಬೂಸಿ ಅಂಡ್ ಹಾಕ್ಸ್’ ಆದವು. ನಿಮ್ಮದರ ಮೇಲೆ ಬರೀ ‘ಬೂಸಿ ಅಂಡ್ ಕೋ’ ಇರುವುದರಿಂದ ಅದು ಅದಕ್ಕಿಂತ ಹಳೆಯದು. ಆ ಕಾಲದ ಬ್ರಿಟಿಷ್ ಬ್ಯಾಂಡುಗಳು ಶ್ರುತಿಗೆ ಆಧಾರವಾಗಿ ಹಿಡಿಯುತ್ತಿದ್ದ ‘ಎ’ ಸ್ವರ 452.5 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಇವತ್ತಿನ ಕೀಬೋರ್ಡಿನದು 440. ಒಂದು ಅರ್ಧಸ್ವರವನ್ನು 100 ಸೆಂಟ್ ಅಂತ ಹಿಡಿದರೆ ಇವೆರಡರ ನಡುವೆ 48 ಸೆಂಟ್ ವ್ಯತ್ಯಾಸ. ಅತ್ತ ಷಡ್ಜವೂ ಅಲ್ಲ, ಇತ್ತ ಶುದ್ಧ ರಿಷಭವೂ ಅಲ್ಲ, ನಟ್ಟನಡುವೆ. ಕಿವಿಗೆ ಇದಕ್ಕಿಂತ ಹಿಂಸೆ ಬೇರಿಲ್ಲ. ಲಂಡನ್ನಿನ ಸಂಗೀತ ಕಛೇರಿಗಳು 1895ರ ಹೊತ್ತಿಗೇ ಶ್ರುತಿ ಇಳಿಸತೊಡಗಿದ್ದವು. ಅಲ್ಲಿನ ಬ್ರಾಸ್ ಬ್ಯಾಂಡುಗಳು ಮಾತ್ರ 1960ರ ದಶಕದವರೆಗೆ ಹಟ ಬಿಡಲಿಲ್ಲ. ತಂಡದ ಎಲ್ಲ ವಾದ್ಯವೂ ಒಂದೇ ಎತ್ತರದಲ್ಲಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ? ನಿಮ್ಮ ಅಜ್ಜನಿಗೂ ಗೊತ್ತಾಗಿರಲಿಕ್ಕಿಲ್ಲ. ನಮ್ಮ ಬೇಸಿಗೆ ಬೇರೆ ಇದಕ್ಕೆ ತುಪ್ಪ ಸುರಿಯುತ್ತದೆ. ಗಾಳಿ ಬಿಸಿಯಾದಷ್ಟೂ ಶ್ರುತಿ ಏರುತ್ತದೆ, ಕೀಬೋರ್ಡ್ ಮಾತ್ರ ಇದ್ದಲ್ಲೇ ಇರುತ್ತದೆ.

ಬರೀ ಮನೆಯಲ್ಲಿ ನುಡಿಸುವುದಾದರೆ ಖರ್ಚೇ ಇಲ್ಲದ ಉಪಾಯವಿದೆ: ಕೀಬೋರ್ಡನ್ನೇ ಮೇಲೆ ಹತ್ತಿಸಿ. ಬಹಳಷ್ಟು ಕೀಬೋರ್ಡುಗಳಲ್ಲಿ 440ನ್ನು 452ರ ಸುತ್ತಮುತ್ತ ಇಡಲು ಬರುತ್ತದೆ. ಚರ್ಚಿನಲ್ಲಿ ಗಿಟಾರು, ಪಿಟೀಲು, ಹಾಡುವವರು ಎಲ್ಲ ಇದ್ದರೆ ಇದು ನಡೆಯುವುದಿಲ್ಲ.

ಆಗ ಕೊಳವೆಯನ್ನೇ ಉದ್ದ ಮಾಡಬೇಕು. ಲೆಕ್ಕ ಕಷ್ಟವಿಲ್ಲ. ಬಿ ಫ್ಲಾಟ್ ಯುಫೋನಿಯಂನ ಕೊಳವೆ ಸುಮಾರು 9 ಅಡಿ, ಅಂದರೆ 274 ಸೆಂ.ಮೀ. ಅದು ಶೇಕಡಾ 2.8ರಷ್ಟು ಉದ್ದವಾಗಬೇಕು, ಹೆಚ್ಚುಕಡಿಮೆ 8 ಸೆಂ.ಮೀ. ಸ್ಲೈಡಿಗೆ ಎರಡು ಕಾಲು ಇರುವುದರಿಂದ ಮುಖ್ಯ ಸ್ಲೈಡನ್ನು 4 ಸೆಂ.ಮೀ. ಹೊರಗೆಳೆಯಬೇಕು. ನನ್ನದನ್ನು ಅಷ್ಟು ಎಳೆದಾಗ ಒಳಗೆ ಉಳಿದದ್ದು ಬೆರಳಗಲ. ನುಡಿಸುವಾಗ ಲೊಡಲೊಡ, ಜೋಡಣೆಯಲ್ಲಿ ಗಾಳಿ ಸೋರಿಕೆ.

ಇಲ್ಲೇ ಹಲವರು ಹಳೇ ಸ್ಲೈಡನ್ನು ಕೊಯ್ದು ನಡುವೆ ತುಂಡು ಸೇರಿಸಿ ಬೆಸುಗೆ ಹಾಕಿಸುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದರ ಬದಲು ಉದ್ದ ಕಾಲಿನ ಹೊಸ ಸ್ಲೈಡ್ ಒಂದನ್ನು ಮಾಡಿಸಿ, ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಇದೇನು ಹೊಸ ಬುದ್ಧಿಯಲ್ಲ. ಆಗಿನ ಕಾಲದಲ್ಲೇ ಕೆಲವು ವಾದ್ಯಗಳ ಜೊತೆ ಎರಡೆರಡು ಸ್ಲೈಡ್ ಕೊಡುತ್ತಿದ್ದರು, ಎತ್ತರದ ಶ್ರುತಿಗೊಂದು, ತಗ್ಗಿನದಕ್ಕೊಂದು. ಅಜ್ಜನ ಪೆಟ್ಟಿಗೆ ಸಿಕ್ಕಿದ್ದರೆ ಅದರ ಮೂಲೆಯನ್ನೂ ಒಮ್ಮೆ ತಡಕಿ ನೋಡಿ.

ನಾನು ಹಳೇ ಸ್ಲೈಡಿನ ಒಳ ಅಳತೆ, ಹೊರ ಅಳತೆ ಎರಡನ್ನೂ ವರ್ನಿಯರ್‌ನಲ್ಲಿ ತೆಗೆದು, ಚಿತ್ರ ಬರೆದು, ಮೀರತ್ತಿನ ಜಾಲಿ ಕೋಠಿಗೆ ಕಳಿಸಿದೆ. ಬ್ಯಾಂಡ್ ವಾದ್ಯ ಮಾಡುವ ಕಸುಬು ಅಲ್ಲಿ ಬೀದಿಗಟ್ಟಲೆ ಇದೆ. ಮೊದಲ ಸಲ ಬಂದದ್ದು ಸಡಿಲವಾಗಿತ್ತು, ಎರಡನೆಯದು ಕೂತಿತು. ಆಗುವುದಾದರೆ ವಾದ್ಯವನ್ನೇ ಹೊತ್ತುಕೊಂಡು ಹೋಗಿ, ಅಳತೆಯ ಚೀಟಿ ನಂಬಬೇಡಿ.

ಮುಖ್ಯ ಸ್ಲೈಡ್ ಸರಿಯಾದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ. ವಾಲ್ವುಗಳ ಕೊಳವೆಗಳೂ ಹಳೇ ಶ್ರುತಿಯ ಅಳತೆಯವೇ. ಅವೂ ಅದೇ ಪ್ರಮಾಣದಲ್ಲಿ ಉದ್ದವಾಗಬೇಕು. ಒಂದನೇ ಸ್ಲೈಡನ್ನು ಸುಮಾರು 5 ಮಿ.ಮೀ., ಎರಡನೆಯದನ್ನು 2, ಮೂರನೆಯದನ್ನು 7 ಮಿ.ಮೀ. ಹೊರಗೆಳೆಯಿರಿ. ಎಳೆಯದಿದ್ದರೆ ಒಂದು ಮತ್ತು ಮೂರನ್ನು ಒಟ್ಟಿಗೆ ಒತ್ತಿದಾಗ ಸ್ವರ 12 ಸೆಂಟಿನಷ್ಟು ಮೇಲೇಳುತ್ತದೆ. ಇವನ್ನು ಹೊಸದಾಗಿ ಮಾಡಿಸುವುದೇನೂ ಬೇಡ.

ಹಿಂಬದಿಯಲ್ಲಿ ಪುಟ್ಟ ಪುಟ್ಟ ಕೊಳವೆಗಳಿವೆಯಾ ನೋಡಿ. ಇದ್ದರೆ ಅದು ಕಾಂಪೆನ್ಸೇಟಿಂಗ್ ವಾದ್ಯ, ನೀವು ಪುಣ್ಯವಂತರು. ಬೂಸಿಯಲ್ಲಿದ್ದ ಡೇವಿಡ್ ಬ್ಲೇಕ್ಲಿ 1870ರ ದಶಕದಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇದು. ಮೂರನೇ ವಾಲ್ವ್ ಒತ್ತಿದ ಕೂಡಲೇ ಕೊಳವೆ ಉದ್ದವಾಗುತ್ತದೆ. ಆಗ ಒಂದನೆಯ, ಎರಡನೆಯ ವಾಲ್ವುಗಳ ಕೊಳವೆ ಸಾಲದೆ ಹೋಗುತ್ತದೆ, ದೊಡ್ಡ ಕೋಣೆಗೆ ಚಿಕ್ಕ ಚಾಪೆ ಹಾಸಿದ ಹಾಗೆ. ಬ್ಲೇಕ್ಲಿ ಗಾಳಿಯನ್ನು ತಿರುಗಿಸಿ ಮತ್ತೊಮ್ಮೆ ಅದೇ ವಾಲ್ವುಗಳೊಳಗೆ ಹಾಯಿಸಿ, ಕಡಿಮೆ ಬಿದ್ದ ಉದ್ದವನ್ನು ಈ ಪುಟ್ಟ ಕೊಳವೆಗಳಿಂದ ತುಂಬಿದರು. ಇವಕ್ಕೆ ಕೈ ಹಚ್ಚಲೇಬೇಡಿ. ಲೆಕ್ಕ ಹಾಕಿದರೆ ಇವುಗಳಲ್ಲಿ ಒಂದೊಂದೂ ಉದ್ದವಾಗಬೇಕಾದದ್ದು ಎರಡು ಮಿ.ಮೀ. ಒಳಗೇ, ಕಿವಿಗೆ ಒಂದು ಸೆಂಟ್ ಕೂಡ ಆಗುವುದಿಲ್ಲ. ಒಬ್ಬ ರಿಪೇರಿಯವರು ‘ಇವು ಸುಮ್ನೆ ಗಾಳಿ ತಡೆಯುತ್ತವೆ, ತೆಗೆದು ಮುಚ್ಚಿಬಿಡೋಣ’ ಅಂದರು. ವಾದ್ಯ ಎತ್ತಿಕೊಂಡು ವಾಪಸ್ ಬಂದೆ.

ಇಷ್ಟಕ್ಕೆಲ್ಲ ದುಡ್ಡು ಸುರಿಯುವ ಮೊದಲು ಒಂದು ಪರೀಕ್ಷೆ ಮಾಡಿ, ಇದೇ ಮೊದಲು. ವಾಲ್ವ್ ಒತ್ತದೆ ಅದರ ಸ್ಲೈಡನ್ನು ನಿಧಾನ ಹೊರಗೆಳೆಯಿರಿ. ಐದು ಎಣಿಸಿ, ಆಮೇಲೆ ವಾಲ್ವ್ ಒತ್ತಿ. ‘ಟಪ್’ ಅಂತ ಸದ್ದು ಬಂದರೆ ಪಿಸ್ಟನ್ (ವಾಲ್ವಿನೊಳಗೆ ಮೇಲೆ ಕೆಳಗೆ ಆಡುವ ಉರುಳೆ) ಗಾಳಿ ಹಿಡಿಯುತ್ತಿದೆ. ಸದ್ದಿಲ್ಲದಿದ್ದರೆ ಪಿಸ್ಟನ್ ಸವೆದಿರಬಹುದು. ಅದಕ್ಕೆ ಲೋಹದ ಪದರ ಏರಿಸಿ ಮತ್ತೆ ಅಳತೆಗೆ ಉಜ್ಜಬೇಕು. ನುರಿತವರ ಕೆಲಸ, ಎಲ್ಲ ಊರಿನಲ್ಲೂ ಆಗುವುದಲ್ಲ. ಪಿಸ್ಟನ್ ತೀರಾ ಹೋಗಿದ್ದರೆ ವಾದ್ಯವನ್ನು ಗೋಡೆಗೆ ತೂಗುಹಾಕಿ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಿಸ್ಟನ್‌ಗಳನ್ನು ಹೊರತೆಗೆದಾಗ 1, 2, 3 ಅಂತ ಇರುವ ನಂಬರ್ ನೋಡಿ ಅದರದರ ಜಾಗಕ್ಕೇ ಹಾಕಿ. ಕೊಬ್ಬರಿ ಎಣ್ಣೆ ಹಾಕಬೇಡಿ. ನನ್ನದಕ್ಕೆ ಹಿಂದಿನವರು ಹಾಕಿದ್ದ ಎಣ್ಣೆ ಗಟ್ಟಿಯಾಗಿ ಅಂಟಾಗಿತ್ತು, ಬಿಡಿಸಲು ಎರಡು ದಿನ ಹಿಡಿಯಿತು.

ಹಿಡಿದುಕೊಂಡ ಸ್ಲೈಡಿಗೆ ಇಕ್ಕಳ ಹಾಕಬೇಡಿ. ನಾನು ಹಾಕಿ ಬಾಗು ಸೊಟ್ಟ ಮಾಡಿಕೊಂಡೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ, ಬಾಗಿನೊಳಗೆ ದಪ್ಪ ದಾರ ಹಾಕಿ ಝಟ್ಟನೆ ಎಳೆಯಿರಿ. ಬರದಿದ್ದರೆ ಇನ್ನೊಂದು ರಾತ್ರಿ.

ತಗ್ಗುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೆಲ್ ಮೇಲಿನ ನೆಗ್ಗಿನಿಂದ ಸ್ವರಕ್ಕೆ ಅಂಥ ತೊಂದರೆಯಿಲ್ಲ. ಮೌತ್‌ಪೀಸ್ ಕೂರುವ ಕಡೆಯ ಸಣ್ಣ ಕೊಳವೆಯಲ್ಲಿ ನೆಗ್ಗಿದ್ದರೆ ಮಾತ್ರ ತೆಗೆಸಿ. ಅಲ್ಲೇ ಕೆಂಪು ಚುಕ್ಕೆಗಳೂ ಇವೆಯಾ ನೋಡಿ. ಹೊರಗೆ ಗುಲಾಬಿ ಬಣ್ಣ, ನಡುವೆ ಕಪ್ಪು ಬೊಟ್ಟು ಇದ್ದರೆ ಎಂಜಲಿನ ತೇವಕ್ಕೆ ಹಿತ್ತಾಳೆ ಒಳಗಿನಿಂದಲೇ ಕೊಳೆತಿದೆ ಅಂತ ಅರ್ಥ. ಆ ತುಂಡನ್ನು ಬದಲಾಯಿಸಬೇಕಾಗುತ್ತದೆ.

ಮೌತ್‌ಪೀಸ್ ವಿಷಯಕ್ಕೆ ಬಂದರೆ, ಹಳೇ ಬೂಸಿಯಲ್ಲಿ ಮೌತ್‌ಪೀಸ್ ಕೂರುವ ಬಾಯಿ ಮಧ್ಯಮ ಅಳತೆಯದು. ಈಗಿನ ಯುಫೋನಿಯಂನ ದೊಡ್ಡ ಮೌತ್‌ಪೀಸ್ ತುದಿಯಲ್ಲೇ ನಿಂತು ಅಲ್ಲಾಡುತ್ತದೆ, ಟ್ರಾಂಬೋನಿನ ಚಿಕ್ಕದು ತೀರಾ ಒಳಗೆ ಇಳಿಯುತ್ತದೆ. ಬಾಯಿ ಕೊರೆಸಿ ಅಗಲ ಮಾಡಿಸಬೇಡಿ. ಮಧ್ಯಮ ಶ್ಯಾಂಕ್ (ಮೌತ್‌ಪೀಸಿನ ಒಳಗೆ ಕೂರುವ ಬಾಲ) ಅಂತಲೇ ಕೇಳಿ ತರಿಸಿ, ಈಗಲೂ ಮಾಡುತ್ತಾರೆ.

ಮೊದಲು ‘ಟಪ್’ ಪರೀಕ್ಷೆ ಮಾಡಿ, ಮುಖ್ಯ ಸ್ಲೈಡನ್ನು ಪೂರ್ತಿ ಎಳೆದು ಟ್ಯೂನರ್ ಆಪ್‌ನಲ್ಲಿ ಎಷ್ಟು ತೋರಿಸುತ್ತದೆ ಅಂತ ಕಾಮೆಂಟಿನಲ್ಲಿ ಬರೆಯಿರಿ. ಹಿಂಬದಿಯ ಫೋಟೋವನ್ನೂ ಹಾಕಿ.