ಎರಡಂಗುಲದ ಸೈನಿಕನಿಗೆ ಕಾಡಿನ ಬಣ್ಣ

ಪ್ರಶ್ನೆ: ಕಾರವಾರದ ಟಾಗೋರ್ ಕಡಲತೀರದಲ್ಲಿರುವ ಐಎನ್‌ಎಸ್ ಚಪಲ್ ಯುದ್ಧನೌಕೆ ಸಂಗ್ರಹಾಲಯವನ್ನು ನೋಡಿಬಂದಂದಿನಿಂದ ನನ್ನ ಮಗನಿಗೂ, ಅವನ ನೆಪದಲ್ಲಿ ನನಗೂ, ಪ್ಲಾಸ್ಟಿಕ್ ಸೈನಿಕರನ್ನು ಜೋಡಿಸಿ ಬಣ್ಣ ಬಳಿಯುವ ಹವ್ಯಾಸ ಅಂಟಿಕೊಂಡಿದೆ. 1:35 ಅಳತೆಯ ಅಮೆರಿಕನ್ ಸೈನಿಕರಿಗೆ ನಾಲ್ಕು ಬಣ್ಣಗಳ ವುಡ್‌ಲ್ಯಾಂಡ್ ಕ್ಯಾಮೊಫ್ಲಾಜ್ (ಕಾಡಿನಲ್ಲಿ ಮರೆಯಾಗಲು ತೊಡುವ ಮಚ್ಚೆಮಚ್ಚೆಯ ವಿನ್ಯಾಸ) ಹಚ್ಚಿದರೆ, ಅದು ಸಮವಸ್ತ್ರದಂತೆ ಕಾಣದೆ ಹಂಡಬಂಡ ದನದ ಮೈಯಂತೆ ಕಾಣುತ್ತಿದೆ. ಜುಲೈನಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಮಾಡಿದ ಒಂದು ಗೊಂಬೆಯಂತೂ ಬೂದಿ ಬಳಿದಂತೆ ಬೆಳ್ಳಗಾಯಿತು. ತಪ್ಪಿದ್ದೆಲ್ಲಿ?
— ಓದುಗರೊಬ್ಬರು, ಕಾರವಾರ

ಉತ್ತರ: ನೀವು ಎಡವಿರುವುದು ಬಣ್ಣದ ಆಯ್ಕೆಯಲ್ಲಲ್ಲ, ಅಳತೆಯಲ್ಲಿ. 1:35 ಎಂದರೆ 175 ಸೆಂ.ಮೀ. ಎತ್ತರದ ಮನುಷ್ಯ 5 ಸೆಂ.ಮೀ. ಆಗುತ್ತಾನೆ, ಅವನ ತೋಳಿನ ಮೇಲಿನ 7 ಸೆಂ.ಮೀ. ಅಗಲದ ಕಂದು ಮಚ್ಚೆಯೂ 2 ಮಿ.ಮೀ.ಗೆ, ಅಂದರೆ ಒಂದು ಎಳ್ಳುಕಾಳಿನಷ್ಟಕ್ಕೆ, ಇಳಿಯಬೇಕು. ಕುಂಚಕ್ಕೆ ಸಲೀಸಾದ ಗಾತ್ರದಲ್ಲಿ ಮಚ್ಚೆ ಇಟ್ಟುಬಿಡುವುದು ಮೊದಮೊದಲು ಹೆಚ್ಚಿನವರು ಮಾಡುವ ತಪ್ಪು. ನಾನೂ ಇಡೀ ಒಂದು ತುಕಡಿಯನ್ನು ಹಾಗೆಯೇ ಕೆಡಿಸಿದ್ದೇನೆ.

1981ರಲ್ಲಿ ಅಮೆರಿಕದ ಸೇನೆಗೆ ಬಂದ ಈ ವಿನ್ಯಾಸದಲ್ಲಿ ಹಸಿರು ಮತ್ತು ಕಂದು ಹೆಚ್ಚಿನ ಜಾಗವನ್ನು ತುಂಬುತ್ತವೆ. ಮರಳಿನ ಬಣ್ಣ ಅಲ್ಲಲ್ಲಿ ಇಣುಕುತ್ತದೆ, ಕಪ್ಪು ಮುರಿದ ಕೊಂಬೆಗಳಂತೆ ಅವುಗಳ ಮೇಲೆ ಹಾಯುತ್ತದೆ. ಆದ್ದರಿಂದ ಮೊದಲು ಮೈತುಂಬ ಹಸಿರು ಬಳಿದು, ಕಂದು ಮತ್ತು ಮರಳಿನ ಬಣ್ಣಗಳನ್ನು ಇಟ್ಟು, ಕಪ್ಪನ್ನು ಕೊನೆಗೆ ಎಳೆಯಿರಿ. ಅಕ್ರಿಲಿಕ್ ಬಣ್ಣ ತೆಳ್ಳೇವಿನ ಹಿಟ್ಟಿನಂತೆ ನೀರಾಗಿರಲಿ. ಅಚ್ಚಗಪ್ಪು ಬೇಡ: ಇಷ್ಟು ಚಿಕ್ಕ ಮೈಮೇಲೆ ಅದು ತೂತು ಬಿದ್ದಂತೆ ಕಾಣುತ್ತದೆ. ಕಪ್ಪಿಗೂ ಕಂದಿಗೂ ತಳದ ಹಸಿರನ್ನೇ ಒಂದೊಂದು ಹನಿ ಬೆರೆಸಿದರೆ, ದೂರದಿಂದ ನೋಡಿದ ಬಟ್ಟೆಯಲ್ಲಿ ಬಣ್ಣಗಳು ಒಂದರೊಳಗೊಂದು ಕರಗುವ ಹಾಗೆ ಇಲ್ಲಿಯೂ ಕರಗುತ್ತವೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಅಚ್ಚಾದ ಬಟ್ಟೆಯನ್ನು ಕತ್ತರಿಸಿಯೇ ಅಂಗಿ ಹೊಲಿಯುವುದರಿಂದ, ಜೇಬಿನ ಅಂಚಿನಲ್ಲಿ, ಕಾಲರಿನಲ್ಲಿ, ಭುಜದ ಹೊಲಿಗೆಯಲ್ಲಿ ಮಚ್ಚೆ ಥಟ್ಟನೆ ತುಂಡಾಗುತ್ತದೆ. ಎದೆಯ ಮೇಲಿನ ಕಂದು ಮಚ್ಚೆಯನ್ನು ಜೇಬಿನ ಅಂಚಿಗೇ ನಿಲ್ಲಿಸಿ, ಜೇಬಿನೊಳಗೆ ಬೇರೆ ಬಣ್ಣ ಇಟ್ಟು ನೋಡಿ. ಬಣ್ಣ ಬಳಿದ ಗೊಂಬೆ ಅಲ್ಲಿಂದಾಚೆಗೆ ಬಟ್ಟೆ ತೊಟ್ಟವನಂತೆ ಕಾಣತೊಡಗುತ್ತದೆ. ಮಡಿಕೆಗಳಿಗೆ ತೀರ ನೀರಾದ ಗಾಢ ಕಂದನ್ನು ಹರಿಸುವುದು ಇದೆಲ್ಲ ಒಣಗಿದ ಮೇಲೆ.

ನಿಮ್ಮ ಮಗ ಮುಂದೆ ನಮ್ಮ ಸೇನೆ 2022ರ ಜನವರಿ 15ರಂದು ಸೇನಾ ದಿನದ ಪೆರೇಡಿನಲ್ಲಿ ತೋರಿಸಿದ, ಚಿಕ್ಕ ಚಿಕ್ಕ ಚೌಕಗಳಿಂದಾದ ಡಿಜಿಟಲ್ ವಿನ್ಯಾಸದ ಸಮವಸ್ತ್ರವನ್ನು ಕೇಳಿಯೇ ಕೇಳುತ್ತಾನೆ. 1 ಸೆಂ.ಮೀ. ಚೌಕ ಈ ಅಳತೆಯಲ್ಲಿ 0.3 ಮಿ.ಮೀ.ಗಿಂತಲೂ ಕಡಿಮೆಯಾಗುತ್ತದೆ. ಒಂದೊಂದು ಚೌಕವನ್ನೂ ಬಿಡಿಸಲು ಹೋಗಬೇಡಿ. 000 ಸಂಖ್ಯೆಯ ಅತಿ ಸಣ್ಣ ಕುಂಚದ ತುದಿಯಿಂದ ಅಡ್ಡಡ್ಡಲಾಗಿ ಚಿಕ್ಕ ಚುಕ್ಕೆಗಳನ್ನಿಟ್ಟರೆ ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ.

ಬೂದಿಯ ವಿಷಯದಲ್ಲಿ ಅಪರಾಧಿ ನಿಮ್ಮೂರಿನ ಮಳೆಗಾಲ. ಸ್ಪ್ರೇಯ ದ್ರಾವಕ ಬೇಗನೆ ಆರುವಾಗ ಗೊಂಬೆಯ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ವಾರ್ನಿಷ್ ಬಿಳಿಚುತ್ತದೆ. ಮಳೆಗಾಲ ಮುಗಿಯುವವರೆಗೆ ಸ್ಪ್ರೇಯನ್ನು ಎತ್ತಿಟ್ಟು, ನೀರಿನಲ್ಲಿ ಕರಗುವ ವಾರ್ನಿಷನ್ನು ಕುಂಚದಿಂದಲೇ ಹಚ್ಚಿರಿ. ಬೆಳ್ಳಗಾದ ಗೊಂಬೆಯನ್ನು ಎಸೆಯಬೇಡಿ: ಅದರ ಮೇಲೆ ಹೊಳಪಿನ ವಾರ್ನಿಷ್ ಒಂದು ಪದರ ಹಚ್ಚಿದರೆ ಸಾಮಾನ್ಯವಾಗಿ ಬಣ್ಣ ಮರಳುತ್ತದೆ, ಆ ಹೊಳಪನ್ನು ಅಡಗಿಸುವ ಮ್ಯಾಟ್ ಪದರವನ್ನು ದೀಪಾವಳಿ ಕಳೆದ ಮೇಲಿನ ಒಣ ಹವೆಯಲ್ಲಿ ಹಚ್ಚಿಕೊಳ್ಳಬಹುದು.