ಕಲಬುರಗಿಯಲ್ಲಿ ಪರಿಸರ ತಂತ್ರಜ್ಞಾನದ ಪಾಠ ಎಲ್ಲಿಂದ ಶುರು ಮಾಡಲಿ?

ಕಲಬುರಗಿಯಲ್ಲಿ ಗೆಸ್ಟ್ ಲೆಕ್ಚರರ್ ಆಗಿ ಸೇರುತ್ತಿದ್ದೇನೆ, ಪರಿಸರ ತಂತ್ರಜ್ಞಾನ ಮತ್ತು ಸುಸ್ಥಿರ ಅಭಿವೃದ್ಧಿ ಪೇಪರ್ ಕೊಟ್ಟಿದ್ದಾರೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಇಲ್ಲೇ ಒಂಬತ್ತು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಮುಂದಿನ ಪೀಳಿಗೆಯ ಅಗತ್ಯಕ್ಕೆ ಧಕ್ಕೆ ಬಾರದಂತೆ ಇಂದಿನ ಅಗತ್ಯ ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಅನ್ನುವ 1987ರ ಬ್ರಂಟ್‌ಲ್ಯಾಂಡ್ ವ್ಯಾಖ್ಯೆಯಿಂದ ಮಾತ್ರ ಶುರು ಮಾಡಬೇಡಿ. ಮೊದಲ ವರ್ಷ ನಾನು ಅದನ್ನೇ ಮಾಡಿದೆ. ಎಲ್ಲರೂ ಬರೆದುಕೊಂಡರು, ಪಕ್ಕದಲ್ಲಿ 'ಐದು ಮಾರ್ಕ್ಸ್' ಅಂತ ಗುರುತು ಹಾಕಿದರು, ಅಲ್ಲಿಗೆ ಮುಗೀತು.

ಈಗ ಮೊದಲ ವಾರವೇ ಮನೆಯಿಂದ ಒಂದು ಬಾಟಲಿ ನೀರು ತರಿಸಿ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅಂತ ಅಳೆಸುತ್ತೇನೆ. 50 ಮಿ.ಲೀ. ನೀರು, ಅಮೋನಿಯಾ ಬಫರ್, ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನುವ ಬಣ್ಣದ ಸೂಚಕ. ಬ್ಯುರೆಟ್ಟಿನಿಂದ ಇ.ಡಿ.ಟಿ.ಎ. (ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ರಾಸಾಯನಿಕ) ಹನಿ ಹನಿ ಬಿಡಬೇಕು, ಕೆಂಪು ಹೋಗಿ ನೀಲಿ ಬರೋವರೆಗೆ. ಸೇಡಂ ಕಡೆಯ ಒಬ್ಬ ಹುಡುಗಿಯ ಬೋರ್ ನೀರು 38 ಮಿ.ಲೀ. ಇ.ಡಿ.ಟಿ.ಎ. ಕುಡಿದ ಮೇಲೆ ನೀಲಿ ಆಯಿತು. 0.01 ಮೋಲಾರ್ ದ್ರಾವಣಕ್ಕೆ ಒಂದು ಮಿ.ಲೀ. ಅಂದರೆ ಲೀಟರಿಗೆ 20 ಮಿ.ಗ್ರಾಂ ಗಡಸುತನ, ಅಂದರೆ 760. ಕುಡಿಯುವ ನೀರಿಗೆ 200 ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಓಕೆ ಅನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐ.ಎಸ್. 10500. "ಅದಕ್ಕೇ ಸರ್, ಈ ನೀರಿನಾಗ ಬ್ಯಾಳಿ ಬೇಯಂಗಿಲ್ಲ ಅಂತಾಳ ನಮ್ಮವ್ವ" ಅಂದಳು. ತೊಗರಿ ನಾಡಿನಲ್ಲಿ ಇದಕ್ಕಿಂತ ಒಳ್ಳೆ ಪೀಠಿಕೆ ಬೇಕಾ? ಸೇಡಂ, ಚಿತ್ತಾಪುರದ ನೆಲದಡಿ ಸುಣ್ಣದ ಕಲ್ಲು, ಸಿಮೆಂಟ್ ಫ್ಯಾಕ್ಟರಿ ಬಂದದ್ದೂ ಅದಕ್ಕೇ, ಬೇಳೆ ಬೇಯದಿರುವುದೂ ಅದಕ್ಕೇ. ಅಂದು ಕ್ಲಾಸ್ ಮುಗಿದರೂ ಯಾರೂ ಏಳಲಿಲ್ಲ.

ಆಮೇಲೆ ಒಂದು ದಿನ ಬೀದರ್‌ನ ನೌಬಾದ್‌ಗೆ ಕರೆದುಕೊಂಡು ಹೋಗಿ, ಬಹಮನಿ ಕಾಲದ ಕರೇಜ್ ನೋಡಲಿಕ್ಕೆ. ಊರವರು ಸುರಂಗ ಬಾವಿ ಅನ್ನುತ್ತಾರೆ. ಮೇಲಿನ ಜಂಬಿಟ್ಟಿಗೆ ಕಲ್ಲಿನಲ್ಲಿ ಇಳಿದ ಮಳೆನೀರು ಸುರಂಗಕ್ಕೆ ಜಿನುಗಿ, ಇಳಿಜಾರಿನಲ್ಲಿ ತಾನಾಗೇ ಹರಿಯುತ್ತದೆ. ಮೋಟರ್ ಇಲ್ಲ. ಸುರಂಗಕ್ಕಿಂತ ಕೆಳಗಿನ ನೀರನ್ನು ಅದು ಎಳೆಯಲಾರದು, ಆಸೆ ಪಟ್ಟರೂ. ಬೋರ್‌ವೆಲ್‌ಗೆ ಆ ಕಡಿವಾಣವೇ ಇಲ್ಲ ಅಲ್ವಾ, ಒಣಗಿದರೆ ಇನ್ನೂ ನೂರು ಅಡಿ. ಅಲ್ಲೇ ನಿಂತು ಬ್ರಂಟ್‌ಲ್ಯಾಂಡ್ ಹೇಳಿ, ತಲೆಗೆ ಹೋಗುತ್ತದೆ.

ಆ ದ್ರಾವಣಗಳನ್ನು ಮಾಡಲಿಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಮೊದಲೇ ಹೊರಗಿನಿಂದ ತರಿಸಿಡಿ. ನಮ್ಮ ಲ್ಯಾಬಿನ ಡಿಸ್ಟಿಲೇಷನ್ ಯಂತ್ರ ಎರಡು ವರ್ಷದಿಂದ ಕೆಟ್ಟು ಕೂತಿದೆ. ಬಿಚ್ಚಿ ನೋಡಿದರೆ ಕಾಯಿಲ್ ತುಂಬ ಬೆರಳು ದಪ್ಪ ಸುಣ್ಣ.